ಬೇಕರಿ ಮನೆಯಲ್ಲಿ ಮೊಟ್ಟೆ ಮುಗಿದ ಸುದ್ದಿ

ತಲಶ್ಶೇರಿ
20 ಸೆಪ್ಟೆಂಬರ್ 2024

ಪ್ರೀತಿಯ ಡೆಲ್ಮ,

ಸಿಸ್ಟರ್ ಅನ್ಸಿಲ ಎಂದು ಬರೆಯಬೇಕಿತ್ತು, ಗೊತ್ತು. ಲಕೋಟೆಯ ಮೇಲೆ ಹಾಗೆಯೇ ಬರೆದಿದ್ದೇನೆ. ಆದರೆ ಒಂದೇ ಹಾಸ್ಟೆಲ್ ಕೋಣೆಯಲ್ಲಿ ಮಲಗಿ, ಒಂದೇ ಬಕೆಟ್ಟಿಗಾಗಿ ಕಿತ್ತಾಡಿ, ವಾಲಿಬಾಲ್ ನೆಟ್ಟಿನ ಪಕ್ಕದಲ್ಲಿ ನಿಂತು "ಇನ್ನೂ ಮೇಲಕ್ಕೆ ಎತ್ತೇ ಕಳ್ಳೀ" ಎಂದು ವರ್ಷಗಟ್ಟಲೆ ಕಿರುಚಿದ ನನಗೆ ಒಮ್ಮೆಲೇ ನಿನ್ನನ್ನು ಸಿಸ್ಟರ್ ಎನ್ನಲು ಪೆನ್ನು ಏಳುತ್ತಿಲ್ಲ. ಒಳಗೆ ಡೆಲ್ಮ ಎಂದೇ ಇರಲಿ.

ನಿನ್ನ ಕಾಗದ ಓಣಂ ಗಲಾಟೆಯ ನಡುವೆ ಬಂತು. ಬೇಕರಿಯಲ್ಲಿ ಬಾಳೆಕಾಯಿ ಚಿಪ್ಸ್ ಹುರಿದು ಹುರಿದು ಮನೆಯವರೆಲ್ಲ ಎಣ್ಣೆಯ ವಾಸನೆ ಹೊಡೆಯುತ್ತಿದ್ದೆವು. ನಾನು ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಎರಡು ದಿನ ತಿರುಗಾಡಿದೆ. ಬಂದ ಕಾಗದಗಳನ್ನೆಲ್ಲ ಮೊದಲು ನಿಮ್ಮ ಮದರ್ ಓದುತ್ತಾರೆ ಎಂದಿದ್ದೀಯ. ಮದರ್ ಅವರಿಗೆ ನನ್ನ ನಮಸ್ಕಾರ. ಇದರಲ್ಲಿ ಮುಟ್ಟು, ಅಂಡಾಶಯ ಇತ್ಯಾದಿ ಮಾತುಗಳು ಧಾರಾಳವಾಗಿ ಬರುತ್ತವೆ. ಸಂಕೋಚವಾದರೆ ಆ ಸಾಲುಗಳನ್ನು ಹಾರಿಸಬಹುದು. ಹಾಗೆ ಹಾರಿಸಿದರೆ ನಮಸ್ಕಾರ ಮತ್ತು ಸಹಿ ಮಾತ್ರ ಉಳಿಯುತ್ತವೆ, ಅಷ್ಟೇ.

ನೀನು ಮೂರು ಪ್ರಶ್ನೆ ಕೇಳಿದ್ದೀಯ. ತಂಡವನ್ನು ಏಕೆ ಬಿಟ್ಟೆ, ತಲೆಯ ಆಪರೇಷನ್ ಆಯಿತೆಂಬುದು ನಿಜವೇ, ಮಕ್ಕಳೆಷ್ಟು. ಮೂರಕ್ಕೂ ಉತ್ತರ ಒಂದೇ ಕಥೆಯಲ್ಲಿದೆ. ಮೊದಲಿನಿಂದ ಹೇಳುತ್ತೇನೆ.

ನೀನು ಮಠಕ್ಕೆ ಹೋಗುವ ಮುಂಚಿನ ಕೊನೆಯ ಪಂದ್ಯಾವಳಿಯಲ್ಲಿ ನನ್ನ ಶೂ ಬಿಗಿಯಾಗಿ, ನಿನ್ನ ಕೈಯಲ್ಲಿ ಹೊಸದು ತರಿಸಿದ್ದು ನೆನಪಿದೆಯಲ್ಲ. ಇಪ್ಪತ್ತೇಳು ವರ್ಷದವಳ ಪಾದ ಬೆಳೆಯುವುದುಂಟೇ ಎಂದು ನಾವಿಬ್ಬರೂ ನಕ್ಕಿದ್ದೆವು. ಅದು ನಗುವ ವಿಷಯವಾಗಿರಲಿಲ್ಲ. ನೀನು ಹೋದ ವರ್ಷವೇ ನನ್ನ ಮದುವೆಯಾಯಿತು. ಗಂಡನ ಹೆಸರು ಪ್ರಜೋಷ್, ನಾನು ಕರೆಯುವುದು ಪ್ರಜೋಷೇಟ್ಟ ಎಂದು. ಹಳೆಯ ಬಸ್ ಸ್ಟ್ಯಾಂಡಿನ ಹಿಂದೆ ಬೇಕರಿ ಇದೆ. ನನಗಿಂತ ಒಂದು ಗೇಣು ಕುಳ್ಳ. ಹುಡುಗಿ ನೋಡಲು ಬಂದ ದಿನ ನನ್ನನ್ನು ಕತ್ತೆತ್ತಿ ನೋಡಿ, "ಮೇಲಿನ ಅಟ್ಟದಿಂದ ಡಬ್ಬಿ ಇಳಿಸೋಕೆ ಇನ್ನು ಏಣಿ ಬೇಕಾಗಲ್ಲ" ಎಂದರು. ನಾನು ಅಲ್ಲೇ ಒಪ್ಪಿಬಿಟ್ಟೆ.

ಮದುವೆಯಾಗಿ ವರ್ಷ ತುಂಬುವುದರೊಳಗೆ ಉಂಗುರ ಬೆರಳಿನಲ್ಲಿ ಸಿಕ್ಕಿಕೊಂಡಿತು. ಸೋಪು ಹಚ್ಚಿದರೂ ಬರಲಿಲ್ಲ, ಬೆಣ್ಣೆ ಹಚ್ಚಿದರೂ ಬರಲಿಲ್ಲ. ಕೊನೆಗೆ ಅಕ್ಕಸಾಲಿಗರು ಕತ್ತರಿಸಿ ತೆಗೆದರು. ಗೊರಕೆ ಎಷ್ಟು ಜೋರಾಯಿತೆಂದರೆ ಪಕ್ಕದ ಮನೆಯ ಮಾತುವಮ್ಮ ಬೆಳಗ್ಗೆ ಬಂದು ನನ್ನ ಅತ್ತೆಯ ಹತ್ತಿರ, "ನಿಮ್ಮನೇಲಿ ರಾತ್ರಿ ಹಿಟ್ಟಿನ ಮಿಲ್ ಓಡ್ಸ್ತೀರಾ ಕೌಸೂ?" ಎಂದು ಕೇಳಿದರು. ದನಿ ದಪ್ಪಗಾಯಿತು. ಫೋನಿನಲ್ಲಿ ಯಾರಾದರೂ ನನ್ನನ್ನು "ಸಾರ್" ಎಂದರೆ ತಿದ್ದುವುದನ್ನೂ ಬಿಟ್ಟೆ. ಅಂಗಳಕ್ಕೆ ಇಳಿದರೆ ಮಂಡಿ ಹಿಡಿಯುತ್ತಿತ್ತು, ತಲೆ ಸಿಡಿಯುತ್ತಿತ್ತು. ಪ್ರೇಕ್ಷಕರಲ್ಲಿ ಯಾರೋ "ಆ ಗಂಡಸನ್ನ ಹೊರಗೆ ಕಳಿಸ್ರೋ" ಎಂದು ಕೂಗಿದ ದಿನ ನಾನು ಜೆರ್ಸಿ ಕಳಚಿಟ್ಟೆ. ತಂಡ ಬಿಟ್ಟದ್ದಕ್ಕೆ ಕಾರಣ ಅದು. ಮಂಡಿ ನೋವು ಎಂದು ಎಲ್ಲರಿಗೂ ಹೇಳಿದ್ದು.

ಮುಟ್ಟು ಅಷ್ಟರಲ್ಲಾಗಲೇ ಸರಿಯಾಗಿ ಬರುತ್ತಿರಲಿಲ್ಲ. ನಮಗೆಲ್ಲ ಕ್ಯಾಂಪಿನಲ್ಲಿ ಹಾಗಾಗುತ್ತಿತ್ತಲ್ಲ, ಕಸರತ್ತು ಹೆಚ್ಚಾಗಿ ಎಂದುಕೊಂಡೆ. ರೋಗವನ್ನು ಕಂಡುಹಿಡಿದವರು ಹಲ್ಲಿನ ಡಾಕ್ಟರು, ನಂಬುತ್ತೀಯಾ? ದವಡೆ ದೊಡ್ಡದಾಗಿ, ಕೆಳಗಿನ ಹಲ್ಲುಗಳ ನಡುವೆ ಸಂದು ಬಿದ್ದು ಮೀನಿನ ಮುಳ್ಳು ಸಿಕ್ಕಿಕೊಳ್ಳುತ್ತಿತ್ತು, ತೋರಿಸಲು ಹೋಗಿದ್ದೆ. ಅವರು ಬಾಯಿಗಿಂತ ಹೆಚ್ಚು ಹೊತ್ತು ನನ್ನ ಕೈ ನೋಡಿದರು. ಮದುವೆಯ ಫೋಟೊ ತೋರಿಸು ಎಂದರು. ಅದರಲ್ಲಿದ್ದ ಮುಖವನ್ನೂ ನನ್ನ ಮುಖವನ್ನೂ ಹೋಲಿಸಿ ನೋಡಿ, ಒಂದು ಚೀಟಿ ಬರೆದುಕೊಟ್ಟು ಕೋಯಿಕ್ಕೋಡಿನ ಹಾರ್ಮೋನ್ ಡಾಕ್ಟರ್ ಫಸೀಲ ಅವರ ಹತ್ತಿರ ಕಳಿಸಿದರು.

ಫಸೀಲ ಡಾಕ್ಟರು ಸಣ್ಣ ಆಳು, ನನ್ನ ಭುಜಕ್ಕೂ ಬರುವುದಿಲ್ಲ. ಆದರೆ ಎದುರು ಕೂತರೆ ನಾನೇ ಎಂಟನೆಯ ಕ್ಲಾಸಿನ ಹುಡುಗಿಯ ಹಾಗೆ ಆಗುತ್ತೇನೆ. ಅವರು ಮಾಡಿಸಿದ ಮೊದಲ ಪರೀಕ್ಷೆ ಸಕ್ಕರೆ ನೀರಿನದ್ದು. ದೊಡ್ಡ ಲೋಟದ ತುಂಬ ಪಾಕದಂಥ ನೀರು ಕುಡಿಸಿ, ಅರ್ಧ ಅರ್ಧ ಗಂಟೆಗೆ ರಕ್ತ ತೆಗೆದರು. ಸಕ್ಕರೆ ಒಳಗೆ ಹೋದರೆ ಬೆಳವಣಿಗೆಯ ಹಾರ್ಮೋನ್ ತಲೆ ತಗ್ಗಿಸಬೇಕಂತೆ. ನನ್ನದು ತಗ್ಗಿಸಲಿಲ್ಲ. ಪ್ರಜೋಷೇಟ್ಟ ನರ್ಸಿಗೆ, "ನಮ್ಮನೇಲಿ ಸಕ್ಕರೆ ಅಂದ್ರೆ ಯಾರಿಗೂ ಬೆಲೆ ಇಲ್ಲ ಸಿಸ್ಟರ್" ಎಂದರು. ಆಕೆ ನಗಲಿಲ್ಲ, ನಾನು ನಕ್ಕೆ. ಆಮೇಲೆ ತಲೆಯ ಸ್ಕ್ಯಾನ್ ಮಾಡಿದರು. ಮೂಗಿನ ಬುಡದ ಹಿಂದೆ, ಮಿದುಳಿನ ಕೆಳಗೆ, ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ, ಪಿಟ್ಯುಟರಿ ಎಂದು. ಅದರಲ್ಲಿ ಒಂದು ಗಂಟು. ಕ್ಯಾನ್ಸರ್ ಅಲ್ಲ, ಆದರೆ ಬೆಳೆಯುವ ವಯಸ್ಸು ದಾಟಿದ ನನ್ನನ್ನು ಅದು ಇನ್ನೂ ಬೆಳೆಸುತ್ತಿತ್ತು.

ಆಪರೇಷನ್ನನ್ನು ಮೂಗಿನ ಮೂಲಕವೇ ಮಾಡಿದರು. ಗಂಟು ಪೂರ್ತಿ ಹೋಯಿತು. ಒಂದು ತಿಂಗಳೊಳಗೆ ಮುಖದ ಊತ ಇಳಿಯಿತು, ಬೆರಳು ಸಣ್ಣಗಾದವು, ಗೊರಕೆ ನಿಂತಿತು. ಮಾತುವಮ್ಮನಿಗೆ ನಿದ್ದೆ ಬರುತ್ತಿಲ್ಲವಂತೆ, ಅಭ್ಯಾಸ ತಪ್ಪಿ. ಆದರೆ ಗಂಟಿನ ಜೊತೆಗೆ ಗ್ರಂಥಿಗೂ ಪೆಟ್ಟು ಬಿತ್ತು. ಅಲ್ಲಿಂದ ಹೊರಡಬೇಕಿದ್ದ ಹಲವು ಆಜ್ಞೆಗಳು ನಿಂತುಹೋದವು. ಬೆಳಗ್ಗೆ ಎದ್ದ ಕೂಡಲೇ ಒಂದು ಮಾತ್ರೆ, ಥೈರಾಯ್ಡಿಗೆ ಇನ್ನೊಂದು. ಜ್ವರ ಬಂದರೆ ಮಾತ್ರೆ ಹೆಚ್ಚು ಮಾಡಬೇಕೆಂದು ಬರೆದ ಚೀಟಿ ಸದಾ ಪರ್ಸಿನಲ್ಲಿ. ಅದಕ್ಕೆಲ್ಲ ಒಗ್ಗಿಕೊಂಡೆ. ಒಗ್ಗದ್ದು ಒಂದೇ. ಮುಟ್ಟು ಪೂರ್ತಿ ನಿಂತಿತು. ಮಾತ್ರೆ ನುಂಗಿದರೆ ಬರುತ್ತಿತ್ತು, ಬಿಟ್ಟರೆ ಇಲ್ಲ.

ಎರಡು ವರ್ಷ ಕಾಯಿರಿ ಎಂದಿದ್ದರು, ಕಾದೆವು. ಬೆಳವಣಿಗೆಯ ಹಾರ್ಮೋನ್ ಹದಕ್ಕೆ ಬಂತು. ಫಸೀಲ ಡಾಕ್ಟರು ಆಗ ರಜೆಯಲ್ಲಿದ್ದರು. ಅವರು ಬರುವವರೆಗೆ ತಡೆಯದೆ ನಾವು ಈ ಜನವರಿಯಲ್ಲಿ ಬೇರೊಂದು ಊರಿನ ಕ್ಲಿನಿಕ್ಕಿಗೆ ಹೋದೆವು. ಅಲ್ಲಿಯ ಗೋಡೆಯ ತುಂಬ ಎಳೆಕೂಸುಗಳ ಫೋಟೊ, ಎಲ್ಲವೂ ಬೆಳ್ಳಗೆ ದುಂಡಗೆ. ಅಂಡಾಶಯದಲ್ಲಿ ಮೊಟ್ಟೆ ಎಷ್ಟು ಉಳಿದಿವೆ ಎಂದು ಅಂದಾಜು ಮಾಡುವ ಒಂದು ರಕ್ತಪರೀಕ್ಷೆ ಇದೆ, ಎಎಂಎಚ್ ಎಂದು. ಅದನ್ನು ಮಾಡಿಸಿ, ಸ್ಕ್ಯಾನನ್ನೂ ನೋಡಿ, ನಗುಮುಖದ ಡಾಕ್ಟರೊಬ್ಬರು ಹೇಳಿದರು. ಅಂಕಿ ತೀರಾ ಕಡಿಮೆ, ಒಂದರ ಮೂರನೇ ಒಂದು ಭಾಗದಷ್ಟೂ ಇಲ್ಲ. ಅಂಡಾಶಯಗಳು ಬಾದಾಮಿಯಷ್ಟಕ್ಕೆ ಸುರುಟಿವೆ.

"ನಿಮ್ಮ ಮೊಟ್ಟೆಗಳು ಬಹುತೇಕ ಮುಗಿದಿವೆ ಮೇಡಂ. ವಯಸ್ಸಿಗೆ ಮುಂಚೆ ಹೀಗಾಗುತ್ತೆ ಕೆಲವರಿಗೆ. ಸಮಯ ಹಾಳು ಮಾಡ್ಬೇಡಿ. ದಾನಿಯ ಮೊಟ್ಟೆ ತಗೊಳ್ಳಿ, ನಾವೇ ಎಲ್ಲಾ ವ್ಯವಸ್ಥೆ ಮಾಡ್ತೀವಿ."

ಪ್ರಜೋಷೇಟ್ಟ ಒಂದು ಕ್ಷಣವೂ ಯೋಚಿಸದೆ, "ಆಯ್ತು ಡಾಕ್ಟ್ರೇ, ಹಾಗೇ ಮಾಡೋಣ" ಎಂದರು.

ಡೆಲ್ಮ, ಆ "ಆಯ್ತು" ನನ್ನ ಎದೆಗೆ ಚೆಂಡು ಬಡಿದ ಹಾಗೆ ಬಡಿಯಿತು. ನಾನು ಏನು ಕೇಳಿಸಿಕೊಂಡೆ ಗೊತ್ತಾ? ಈ ದವಡೆ, ಈ ಕೈ, ಈ ದನಿ ಇರುವ ಮಗು ನನಗೆ ಬೇಡ, ಬೇರೆಯವಳದ್ದಾದರೆ ಒಳ್ಳೆಯದೇ ಆಯಿತು, ಎಂದು. ಬೀದಿಗೆ ಬಂದು ಅದನ್ನೇ ಹೇಳಿದೆ. ಅವರು ಕಕ್ಕಾಬಿಕ್ಕಿಯಾದರು.

"ನಿನ್ನ ಥರದ್ದು ಬೇಡ ಅಂತ ನಾನೆಲ್ಲಿ ಅಂದೆ? ಮಗು ಯಾವುದಾದ್ರೇನು, ಎತ್ಕೊಂಡು ತಿರುಗೋಳು ನೀನೇ ತಾನೆ?"

"ನಂಗೆ ನಂದೇ ಬೇಕು."

"ಇಲ್ಲ ಅಂದ್ರಲ್ಲ ಅವರು."

"ಇಲ್ಲ ಅಂದ ತಕ್ಷಣ ನೀವು ಖುಷಿಯಾಗಿ ತಲೆ ಆಡಿಸಿಬಿಟ್ರಿ."

"ಖುಷಿಯಾಗಿ? ಅಲ್ಲ ಕಣೇ. ಬೇಗ ಒಪ್ಕೊಂಡ್ರೆ ನಿನಗೆ ನೋವು ಕಮ್ಮಿ ಆಗುತ್ತೆ ಅಂದ್ಕೊಂಡೆ."

ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವರು ಒಂದು ಬಸ್ಸಿನಲ್ಲಿ ಹೋದರು, ನಾನು ಇನ್ನೊಂದರಲ್ಲಿ. ನನಗೆ ಜನ ಗಂಡಸು ಎಂದಿದ್ದರು, ಕಂಬ ಎಂದಿದ್ದರು. ಅದಕ್ಕೆಲ್ಲ ನಾನು ಅತ್ತಿರಲಿಲ್ಲ. ಆದರೆ ಒಂದು ಅಂಕಿ ಮುದ್ರಿಸಿದ ಹಾಳೆ ಅವರೆಲ್ಲರ ಪಕ್ಷ ವಹಿಸಿ ನಿಂತಂತೆ ಅನಿಸಿತು.

ಇಲ್ಲಿ ನನ್ನ ಅತ್ತೆಯನ್ನು ನಿನಗೆ ಪರಿಚಯ ಮಾಡಬೇಕು. ಕೌಸುವಮ್ಮ. ಮೂವತ್ತು ವರ್ಷ ಬೀಡಿ ಕಟ್ಟಿದವರು, ಈಗ ಬೇಕರಿಯ ಗಲ್ಲಾದಲ್ಲಿ ಕೂರುತ್ತಾರೆ. ಬಾಯಿಗೆ ಬಾಗಿಲಿಲ್ಲ. ಮಗ ಸೊಸೆ ಇಬ್ಬರೂ ಗಪ್‌ಚುಪ್ ಆಗಿರುವುದನ್ನು ಮೂರು ದಿನ ನೋಡಿದರು. ನಾಲ್ಕನೆಯ ದಿನ ಚಹಾ ಲೋಟವನ್ನು ನನ್ನ ಮುಂದೆ ಕುಕ್ಕಿದರು.

"ಏನಾಗಿದೆ ನಿಮಗೆ? ಯಾರಾದ್ರೂ ಸತ್ರಾ? ನಾನಂತೂ ಬದುಕಿದೀನಿ."

ಹೇಳಿದೆ. ಕೇಳಿ ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಮೊಟ್ಟೆ ಮುಗಿಯೋಕೆ ಅದೇನು ನಮ್ಮ ಬೇಕರಿಯೇನೇ? ಮೂವತ್ತೊಂದು ವರ್ಷಕ್ಕೇ ಮುಗೀತಂತಾ? ನನಗೆ ನಲವತ್ತೆರಡಕ್ಕೆ ಇವನು ಹುಟ್ದ. ಆ ಡಾಕ್ಟ್ರಿಗೆ ನಿನ್ನ ತಲೆ ವಿಷಯ ಹೇಳಿದ್ರಾ?"

"ಹೇಳ್ದೆ. ಬರ್ಕೊಂಡ್ರು."

"ಬರ್ಕೊಂಡ್ರು ಸರಿ. ತಿಳ್ಕೊಂಡ್ರಾ? ನಿನ್ನ ತಲೆ ರಿಪೇರಿ ಮಾಡ್ದೋರು ಯಾರು, ಅವರನ್ನ ಕೇಳು. ಕೆಟ್ಟಿದ್ದು ಮೇಲೆ, ಬೈಯೋದು ಕೆಳಗಿಂದಕ್ಕೆ!"

ಮಾತಿಗೆ ಹೇಳಿದ್ದೋ, ಯೋಚಿಸಿ ಹೇಳಿದ್ದೋ, ಅವರನ್ನೇ ಕೇಳಬೇಕು. ನಾನು ಹೇಗೂ ಫಸೀಲ ಡಾಕ್ಟರಿಗೆ ವರ್ಷದ ತಪಾಸಣೆಗೆ ತೋರಿಸಬೇಕಿತ್ತು. ಅವರು ರಜೆ ಮುಗಿಸಿ ಬಂದ ಕೂಡಲೇ ಹೋದೆ. ಕೌಸುವಮ್ಮನೂ ಹೊರಟು ನಿಂತರು. ರೈಲಿನಲ್ಲಿ ದಾರಿಯುದ್ದಕ್ಕೂ ನನ್ನ ಕೈಗೆ ಬನ್ನು ತುರುಕಿದರು.

ಡಾಕ್ಟರು ಕ್ಲಿನಿಕ್ಕಿನ ರಿಪೋರ್ಟನ್ನು ಮೇಲಿನಿಂದ ಕೆಳಗೆ ಓದಿದರು. ಎಎಂಎಚ್ ಸಾಲನ್ನು ದಾಟಿ ಕೆಳಗಿನ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. ಎಫ್‌ಎಸ್‌ಎಚ್. ಆ ಹಾರ್ಮೋನ್ ಪಿಟ್ಯುಟರಿಯಿಂದ ಹೊರಟು ಅಂಡಾಶಯಕ್ಕೆ ಬರುತ್ತದೆ.

"ಇದನ್ನ ಅವರು ನಿಮಗೆ ವಿವರಿಸಿದ್ರಾ?"

"ಇಲ್ಲ ಡಾಕ್ಟ್ರೇ."

"ನೋಡು ರಿಜುಲ. ಮೊಟ್ಟೆ ನಿಜವಾಗ್ಲೂ ಮುಗಿದಿದ್ರೆ, ತಲೆ ಸುಮ್ನಿರಲ್ಲ. ಕಳಿಸು, ಕಳಿಸು ಅಂತ ಕೂಗುತ್ತೆ. ಈ ಅಂಕಿ ಮೂವತ್ತೋ ನಲವತ್ತೋ ಆಗಿರುತ್ತೆ. ನಿಂದು ಒಂದೂ ಇಲ್ಲ. ಅಂದ್ರೆ ನಿನ್ನ ತಲೆ ಕೂಗ್ತಾನೇ ಇಲ್ಲ. ಆಪರೇಷನ್ ಆದ್ಮೇಲೆ ಅದರ ಬಾಯಿ ಕಟ್ಟಿಹೋಗಿದೆ."

"ಹಾಗಾದ್ರೆ ಆ ಇನ್ನೊಂದು ಪರೀಕ್ಷೆ ಸುಳ್ಳಾ?"

"ಸುಳ್ಳಲ್ಲ. ಅದು ಎಣಿಸೋದು ಅಷ್ಟಿಷ್ಟು ಬೆಳೆದು ಹೊರಗೆ ಬಂದಿರೋ ಸಣ್ಣ ಕೋಶಗಳನ್ನ. ಕರೆಯೋರೇ ಇಲ್ಲದಿದ್ರೆ ಅವು ಬೆಳೆಯಲ್ಲ. ಬೆಳೆಯದೆ ಇದ್ರೆ ಆ ಹಾರ್ಮೋನ್ ರಕ್ತಕ್ಕೆ ಬರಲ್ಲ. ಹಾಜರಾದೋರನ್ನ ಎಣಿಸಿ ಊರಲ್ಲಿ ಜನ ಇಷ್ಟೇ ಅಂದ ಹಾಗೆ ಆಯ್ತು. ಕರೀದೆ ಯಾರು ಹಾಜರಾಗ್ತಾರೆ?"

ನಾನು, "ಅಂದ್ರೆ ಸೆಟ್ಟರ್ ಇಲ್ಲದ ಟೀಮು" ಎಂದೆ. ಅವರಿಗೆ ವಾಲಿಬಾಲ್ ಬರುವುದಿಲ್ಲ. ನಿನಗೆ ಅರ್ಥವಾಗುತ್ತದೆ. ಹೊಡೆಯಲು ಚೆಂಡು ಎತ್ತಿಕೊಡುತ್ತಿದ್ದ ನೀನು ಹೋದ ಮೇಲೆ ನಾವು ನೆಟ್ಟಿನ ಹತ್ತಿರ ಕೈ ಕಟ್ಟಿ ನಿಂತೆವಲ್ಲ, ನನ್ನ ಹೊಟ್ಟೆಯೊಳಗಿನ ಮೊಟ್ಟೆಗಳೂ ಪಾಪ ಹಾಗೆಯೇ ನಿಂತಿದ್ದವು.

ಕೌಸುವಮ್ಮ ಬಿಡಲಿಲ್ಲ. "ಹಾಗಾದ್ರೆ ಮೊಟ್ಟೆ ಇದಾವೆ ಅನ್ನಿ ಡಾಕ್ಟ್ರೇ!"

"ಇದಾವೆ ಅಂತ ನಾನು ಹೇಳಲ್ಲಮ್ಮ. ಇಲ್ಲ ಅಂತ ಈ ಕಾಗದ ನೋಡಿ ಹೇಳೋಕಾಗಲ್ಲ, ಅಷ್ಟೇ ನನ್ನ ಮಾತು. ತಲೆ ಮಾಡ್ಬೇಕಾದ ಕೆಲಸ ಸೂಜಿಯಿಂದ ಮಾಡ್ಸಿ ನೋಡ್ಬೇಕು. ದಿನಾ ಇಂಜೆಕ್ಷನ್, ವಾರಗಟ್ಲೆ. ಬಂದ್ರೆ ಬಂದ್ವು. ಬರದಿದ್ರೆ, ಆ ಕ್ಲಿನಿಕ್ಕಿನೋರು ಹೇಳಿದ ದಾರಿ ಇದ್ದೇ ಇದೆ. ಅದೇನು ಕೆಟ್ಟ ದಾರಿ ಅಲ್ಲ. ಗೊತ್ತಿಲ್ಲದೆ ಹಿಡಿಯೋದು ಬೇಡ, ಅಷ್ಟೇ."

ಸಂಜೆ ಬೇಕರಿಯ ಹಿಂದೆ ಹಿಟ್ಟಿನ ಮೂಟೆಯ ಮೇಲೆ ಕೂತು ನಾನು ಪ್ರಜೋಷೇಟ್ಟನಿಗೆ ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಆ ಮನುಷ್ಯ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಮುಖದ ತುಂಬ ಮೈದಾ ಮೆತ್ತಿಕೊಂಡಿತು. "ನಿನ್ನ ದವಡೆ ಇರೋ ಹೆಣ್ಣುಮಗು ಆದ್ರೆ ನಾನೇ ಕೋಚಿಂಗಿಗೆ ಕರ್ಕೊಂಡು ಹೋಗ್ತೀನಿ ಕಣೇ" ಎಂದರು. ದವಡೆ ಹುಟ್ಟಿನಿಂದ ಬಂದದ್ದಲ್ಲ, ಗಂಟಿನಿಂದ ಬಂದದ್ದು, ಮಗುವಿಗೆ ಬರುವುದಿಲ್ಲ ಎಂದು ಹೇಳಿದೆ. "ಛೆ" ಎಂದರು. ಆ "ಛೆ"ಗೆ ನಾನು ಹಿಂದಿನ "ಆಯ್ತು"ವನ್ನು ಮನ್ನಿಸಿದೆ.

ಇಂಜೆಕ್ಷನ್ ಶುರುವಾಯಿತು. ಕೊಡುವವರು ಯಾರು? ಪ್ರಜೋಷೇಟ್ಟ ಸೂಜಿ ನೋಡಿದರೆ ಬೆವರುತ್ತಾರೆ. ಕೌಸುವಮ್ಮ ಎಂಟು ವರ್ಷದಿಂದ ತಮ್ಮ ಹೊಟ್ಟೆಗೆ ತಾವೇ ಇನ್ಸುಲಿನ್ ಚುಚ್ಚಿಕೊಳ್ಳುವವರು. ನರ್ಸಿನಿಂದ ಒಮ್ಮೆ ಹೇಳಿಸಿಕೊಂಡು ಕೆಲಸಕ್ಕೆ ಇಳಿದರು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಸೊಸೆ ಎದುರುಬದುರು ಕೂರುವುದು. ಮೊದಲು ಅವರಿಗೆ ಅವರದ್ದು, ಆಮೇಲೆ ನನಗೆ ನನ್ನದು. ಔಷಧಿಯನ್ನು ಬೇಕರಿಯ ಫ್ರಿಜ್ಜಿನಲ್ಲಿ ಕ್ರೀಮಿನ ಡಬ್ಬಿಗಳ ಪಕ್ಕ ಇಡುತ್ತಿದ್ದೆವು. ಒಂದು ದಿನ ಮಾತುವಮ್ಮ ಐಸ್ ಕೇಳಿಕೊಂಡು ಬಂದು ಅದನ್ನು ನೋಡಿಬಿಟ್ಟರು.

"ಇದೇನೇ ಕೌಸೂ, ಕೇಕಿಗೂ ಇಂಜೆಕ್ಷನ್ ಕೊಡ್ತೀರಾ? ಅದಕ್ಕೇ ಅಷ್ಟು ಉಬ್ಬುತ್ತೆ ನಿಮ್ಮ ಕೇಕು!"

"ಹೂಂ ಕಣೇ. ನಿನ್ನ ನಾಲಿಗೆಗೂ ಒಂದು ಇದೆ, ಕೂತ್ಕೋ" ಎಂದರು ಅತ್ತೆ.

ಮೊದಲ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ. ಪರದೆಯ ಮೇಲೆ ಬೂದು ಬಣ್ಣದ ಎರಡು ಬಾದಾಮಿ, ಹಾಗೆಯೇ ಬಿದ್ದಿದ್ದವು. ಫಸೀಲ ಡಾಕ್ಟರು ಔಷಧಿಯನ್ನು ಚೂರೇ ಚೂರು ಹೆಚ್ಚಿಸಿದರು. ಬಹಳ ದಿನ ಮಲಗಿದ್ದನ್ನು ಒರಟಾಗಿ ಎಬ್ಬಿಸಬಾರದಂತೆ. ಒಟ್ಟಿಗೆ ಹತ್ತೋ ಹದಿನೈದೋ ಎದ್ದರೆ ಅದು ಬೇರೆಯೇ ತಾಪತ್ರಯ. ನನಗೆ ಹೊಟ್ಟೆಯೆಲ್ಲ ನೀಲಿ ಚುಕ್ಕೆ, ಮನಸ್ಸೆಲ್ಲ ಬೇಸರ. ಒಂದು ಸಂಜೆ ಸಾಕು, ನನಗೆ ಇನ್ನು ಬೇಡ ಎಂದು ಮಂಚದಿಂದ ಏಳಲಿಲ್ಲ. ಕೌಸುವಮ್ಮ ಸೂಜಿ ಹಿಡಿದು ಬಾಗಿಲಲ್ಲಿ ನಿಂತರು.

"ನಿಲ್ಸೋದು ಡಾಕ್ಟ್ರು ಹೇಳ್ಬೇಕು. ನೀನು ಯಾವಾಗ ಡಾಕ್ಟ್ರಾದೆ?"

"ಏನೂ ಆಗ್ತಿಲ್ಲಮ್ಮ. ಇಲ್ಲದ್ದನ್ನ ಎಷ್ಟು ಕರೆದ್ರೆ ಬರುತ್ತೆ?"

ಅವರು ಬಂದು ನನ್ನ ಕಾಲ ಹತ್ತಿರ ಕೂತರು. ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಮಗಳೇ, ಬರದಿದ್ರೆ ಬೇಡ. ನಿನ್ನನ್ನ ಮೊಟ್ಟೆ ಲೆಕ್ಕ ಹಾಕಿ ಈ ಮನೆಗೆ ತಂದ್ಕೊಂಡಿಲ್ಲ. ನೀನು ಆಸ್ಪತ್ರೇಲಿ ಮೂಗಿಗೆ ಹತ್ತಿ ತುರುಕ್ಕೊಂಡು ಮಲಗಿದ್ದಾಗ ನಾನು ಮಾಹೆ ಮಾತೆಯ ಚರ್ಚಿಗೆ ಹೋಗಿ, ಇವಳನ್ನ ಉಳಿಸು ತಾಯೀ ಅಂತ ಮಾತ್ರ ಕೇಳ್ಕೊಂಡೆ. ಬೇರೇನೂ ಕೇಳಿಲ್ಲ. ಆದ್ರೆ ನೀನು ಅರ್ಧಕ್ಕೆ ಬಿಟ್ರೆ ಆಮೇಲೆ ನಿನ್ನನ್ನ ನೀನೇ ಬಿಡಲ್ಲ, ಕೊರೀತಾ ಇರ್ತೀಯ. ಅದಕ್ಕೆ ಹೇಳ್ತೀನಿ. ಹೂಂ, ಹೊಟ್ಟೆ ತೋರ್ಸು."

ತೋರಿಸಿದೆ.

ಮುಂದಿನ ಸ್ಕ್ಯಾನಿಗೆ ಪ್ರಜೋಷೇಟ್ಟ ಬಂದಿದ್ದರು. ಡಾಕ್ಟರು ಪರದೆಯ ಕಡೆ ನೋಡುತ್ತಾ ಎಡಕ್ಕೆ ಒತ್ತಿದರು, ಬಲಕ್ಕೆ ಒತ್ತಿದರು. ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಬೂದು ಬಣ್ಣದ ನಡುವೆ ಕಪ್ಪು ಕಪ್ಪು ಗುಳ್ಳೆ. ಒಂದು, ಅದರ ಪಕ್ಕ ಇನ್ನೊಂದು, ಆ ಕಡೆ ಸಣ್ಣಸಣ್ಣವು ಮೂರು ನಾಲ್ಕು.

"ಬಂದ್ರು ನೋಡಿ ನಿಮ್ಮೋರು" ಎಂದರು ಡಾಕ್ಟರು.

ಪ್ರಜೋಷೇಟ್ಟ, "ಎಲ್ಲಿ, ಎಲ್ಲಿ?" ಎಂದು ಎದ್ದು ಪರದೆಗೆ ಹಣೆ ಬಡಿದುಕೊಂಡರು. ಡಾಕ್ಟರು ಮತ್ತೆ ಎಎಂಎಚ್ ಮಾಡಿಸಿದರು. ಈ ಸಲ ಒಂದೂವರೆ ದಾಟಿತ್ತು. ಅದೇ ಅಂಡಾಶಯ, ಅದೇ ನಾನು. ಡಾಕ್ಟರು ಎಚ್ಚರಿಕೆಯಿಂದಲೇ ಮಾತಾಡಿದರು. ಉಗ್ರಾಣ ತುಂಬಿ ತುಳುಕುತ್ತಿದೆ ಎಂದರ್ಥವಲ್ಲ, ಎಲ್ಲರಿಗೂ ಹೀಗೆ ಏರುತ್ತದೆ ಎಂದೂ ಅಲ್ಲ, ಆದರೆ ಖಾಲಿ ಎಂಬ ಮಾತು ಸುಳ್ಳಾಯಿತು. ನಾನು ಎದ್ದವಳೇ ಡಾಕ್ಟರನ್ನು ಎತ್ತಿಕೊಂಡುಬಿಟ್ಟೆ. ನಿಜವಾಗಿಯೂ ನೆಲದಿಂದ ಎತ್ತಿದೆ. "ಇಳ್ಸೇ, ಇಳ್ಸೇ, ಹೊರಗೆ ಪೇಷೆಂಟ್ಸ್ ಇದಾರೆ" ಎಂದು ಅವರು ಗಾಳಿಯಲ್ಲಿ ಕಾಲು ಬಡಿದರು.

ಆ ಸಲ ಗರ್ಭ ನಿಲ್ಲಲಿಲ್ಲ. ಮುಟ್ಟಾದೆ. ಕೌಸುವಮ್ಮನ ಮುಖ ಬಾಡಿತು. ನನಗೆ ಮಾತ್ರ, ಹೇಳಿದರೆ ಹುಚ್ಚು ಎನ್ನುತ್ತೀಯ, ಬಚ್ಚಲಲ್ಲಿ ನಿಂತು ನಗು ಬಂತು. ಅದು ಮಾತ್ರೆ ನುಂಗಿ ಬರಿಸಿಕೊಂಡ ಮುಟ್ಟಲ್ಲ. ನನ್ನ ಅಂಡಾಶಯವೇ ಒಂದು ಮೊಟ್ಟೆ ಬೆಳೆಸಿ, ಬಿಟ್ಟು, ಕಾದು, ಕಳಿಸಿದ ಮುಟ್ಟು. ವರ್ಷಗಳ ಮೇಲೆ ನನ್ನ ಮೈ ನನಗೆ ಉತ್ತರ ಕೊಟ್ಟಿತ್ತು. ಹೊರಗೆ ಬಂದು, "ಅಮ್ಮಾ, ಇವತ್ತು ಪಾಯಸ ಮಾಡಿ" ಎಂದೆ. ಅವರು ನನ್ನ ಹಣೆ ಮುಟ್ಟಿ ನೋಡಿದರು, ಜ್ವರವೇನೋ ಎಂದು. ಪಾಯಸ ಮಾಡಿದರು, ಬೈಯುತ್ತಾ.

ಮುಂದಿನ ಸಲ ನಿಂತಿತು.

ನಾನು ಬೇಕರಿಗೆ ಹೋಗಿ ಪ್ರಜೋಷೇಟ್ಟನ ಕಿವಿಯಲ್ಲಿ ಹೇಳಿದಾಗ ಅವರು ಯಾವುದೋ ಹೆಡ್‌ಮಾಸ್ಟರ ನಿವೃತ್ತಿಯ ಕೇಕಿನ ಮೇಲೆ ಅಕ್ಷರ ಬರೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ, ಹೂಂ ಎಂದರು ಅಷ್ಟೇ. ಇವರಿಗೆ ಕೇಳಿಸಲಿಲ್ಲವೇನೋ ಎಂದುಕೊಂಡೆ. ಸಂಜೆ ಶಾಲೆಯಿಂದ ಫೋನು ಬಂತು. ಕೇಕಿನ ಮೇಲೆ "ಪುಟ್ಟ ಅತಿಥಿಗೆ ಸುಸ್ವಾಗತ" ಎಂದಿತ್ತಂತೆ. ಹೆಡ್‌ಮಾಸ್ಟರ ಹೆಂಡತಿ ಬಿದ್ದು ಬಿದ್ದು ನಕ್ಕರಂತೆ, ಹೆಡ್‌ಮಾಸ್ಟರು ಮಾತ್ರ ಇನ್ನೂ ನಮ್ಮ ಅಂಗಡಿಯ ಕಡೆ ತಲೆ ಹಾಕಿಲ್ಲ.

ಈಗ ನಾಲ್ಕನೆಯ ತಿಂಗಳು. ಫಸೀಲ ಡಾಕ್ಟರು ಥೈರಾಯ್ಡಿನ ಮಾತ್ರೆ ಹೆಚ್ಚಿಸಿದ್ದಾರೆ, ಆಗಾಗ ಕಣ್ಣು ಪರೀಕ್ಷೆ ಮಾಡಿಸುತ್ತಾರೆ, ತಲೆಯೊಳಗೆ ಏನಾದರೂ ಮತ್ತೆ ಊದಿಕೊಂಡೀತೇ ಎಂದು. ಇಲ್ಲಿಯವರೆಗೆ ಎಲ್ಲ ಸರಿ ಇದೆ. ಮುಂದಿನದ್ದು ಮುಂದೆ. ನನಗೆ ಮೂರು ಹೊತ್ತೂ ಉಪ್ಪಿನಕಾಯಿ ಬೇಕು, ಕೇಕಿನ ವಾಸನೆ ಕಂಡರಾಗದು. ಬೇಕರಿಯ ಮೇಲಿನ ಮನೆಯಲ್ಲಿ ಕೇಕಿನ ವಾಸನೆ ಇಲ್ಲದ ಜಾಗ ಎಲ್ಲಿ ಹುಡುಕಲಿ ಹೇಳು. ಮಹಡಿಯ ಮೇಲೆ ಬಟ್ಟೆ ಒಣಗಿಸುವ ಕಡೆ ಕುರ್ಚಿ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಕೆಳಗೆ ಕೌಸುವಮ್ಮ ಯಾರಿಗೋ, "ನಮ್ಮ ಸೊಸೆ ಆರಡಿ ಇದಾಳೆ, ಮೂರು ಮಕ್ಕಳಿಗಾದ್ರೂ ಜಾಗ ಇದೆ ಒಳಗೆ" ಎಂದು ಜಂಬ ಕೊಚ್ಚುತ್ತಿದ್ದಾರೆ. ಕೋಶಗಳು ಎಚ್ಚರವಾದದ್ದಕ್ಕೆ ತಮ್ಮ ಸೂಜಿಯ ಕೈಗುಣವೇ ಕಾರಣ ಎಂದು ಊರಿಗೆಲ್ಲ ನಂಬಿಸಿದ್ದಾರೆ. ನಾನೂ ಅರ್ಧ ನಂಬಿದ್ದೇನೆ.

ಅಲ್ಲಿ ನೀನು ಅಡುಗೆಮನೆಯ ಪಾಳಿಯಲ್ಲಿದ್ದೀಯಂತೆ. ಹಾಸ್ಟೆಲ್ಲಿನಲ್ಲಿ ಮೀನು ಸುಟ್ಟು ಕರಿ ಮಾಡಿ, ವಾರ್ಡನ್ನಿಗೆ ನನ್ನ ಹೆಸರು ಹೇಳಿದವಳನ್ನು ನಂಬಿ ಅಷ್ಟು ಜನ ಊಟಕ್ಕೆ ಕೂರುತ್ತಾರಲ್ಲ, ಅವರಿಗಾಗಿ ನಾನೂ ಪ್ರಾರ್ಥಿಸುತ್ತೇನೆ. ನೀನು ನನಗಾಗಿ ಪ್ರಾರ್ಥಿಸು. ಹೆಣ್ಣು ಬೇಕು, ಗಂಡು ಬೇಕು ಎಂದೆಲ್ಲ ಕೇಳಬೇಡ. ಎರಡೂ ಕೈ ಬಿಚ್ಚಿ ಜೋರಾಗಿ ಅಳುವಂಥದ್ದು ಒಂದು ಸಾಕು.

ಅಕ್ಕರೆಯಿಂದ,
ನಿನ್ನ ಪಕ್ಕದಲ್ಲೇ ನಿಂತು ಆಡಿದ
ರಿಜುಲ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟಿದ್ದೆ. ಜನವರಿಯ ಆ ದಿನ ಪ್ರಜೋಷೇಟ್ಟ ಒಂದು ಬಸ್ಸು, ನಾನು ಇನ್ನೊಂದು ಎಂದೆನಲ್ಲ. ನಾನು ಹತ್ತಿದ ಬಸ್ಸು ತಲಶ್ಶೇರಿಯದ್ದಲ್ಲ. ನಿಮ್ಮ ಮಠದ ಗೇಟಿನ ಮುಂದೆ ಇಳಿದೆ. ಗಂಟೆ ಬಾರಿಸಿದೆ. ಮರದ ಕಿಟಕಿಯ ಹಿಂದಿನಿಂದ ವಯಸ್ಸಾದ ಸಿಸ್ಟರೊಬ್ಬರು ಯಾರು ಎಂದು ಕೇಳಿದರು. ಡೆಲ್ಮಳ ಗೆಳತಿ ಎನ್ನಲು ಬಾಯಿ ತೆರೆದೆ. ಹಾಗೆ ಹೇಳಿದರೆ ನೀನು ಬರುತ್ತೀಯ, ಬಂದರೆ ನಮ್ಮಿಬ್ಬರ ನಡುವಿನ ಆ ಜಾಲರಿ ಹಿಡಿದುಕೊಂಡು ಊರು ಕೇಳುವ ಹಾಗೆ ಅಳುತ್ತೇನೆ ಎಂದು ಹೆದರಿಕೆಯಾಯಿತು. ಕೇಕ್ ಮಾರಲು ಬಂದೆ ಎಂದುಬಿಟ್ಟೆ. ಒಳ್ಳೆಯ ಸುದ್ದಿ ಹೇಳಿದರೆ ಡಾಕ್ಟರಿಗೆ ಕೊಡೋಣವೆಂದು ತಂದ ಕೇಕ್ ನನ್ನ ಕೈಯಲ್ಲೇ ಉಳಿದಿತ್ತು. ನಾವು ಕೊಳ್ಳುವುದಿಲ್ಲಮ್ಮ ಎಂದರು. ದುಡ್ಡು ಬೇಡ ಎಂದು, ಹೊರಗಿನವರು ತಂದದ್ದನ್ನು ಒಳಗೆ ದಾಟಿಸಲು ಗೋಡೆಯಲ್ಲಿಟ್ಟ ಆ ತಿರುಗುವ ಪೆಟ್ಟಿಗೆಯಲ್ಲಿಟ್ಟೆ. ಅದು ತಿರುಗಿ ಒಳಗೆ ಹೋಯಿತು. ಅಷ್ಟರಲ್ಲಿ ಒಳಗೆ ಎಲ್ಲೋ ದೂರದಲ್ಲಿ ಯಾರೋ ನಕ್ಕರು. ಗಂಟಲಲ್ಲಿ ಗೊರಕ್ ಎಂದು ಶುರುವಾಗಿ ಮೇಲಕ್ಕೆ ಹೋಗುವ ಆ ನಗು ಇಡೀ ಕೇರಳದಲ್ಲಿ ಒಬ್ಬಳಿಗೇ ಇದೆ. ನಾನು ಗೋಡೆಗೆ ಒರಗಿ ಅದು ಮುಗಿಯುವ ತನಕ ನಿಂತು ಕೇಳಿ, ಮುಂದಿನ ಬಸ್ಸು ಹಿಡಿದೆ. ಕೇಕನ್ನು ಬಸ್ಸಿನಲ್ಲಿ ಮರೆತೆನೆಂದು ಮನೆಯಲ್ಲಿ ಹೇಳಿದ್ದೇನೆ. ಹೇಗಿತ್ತು ಅಂತ ಬರೆ.